ರಾತ್ರಿ ಪ್ರಾರ್ಥನೆಯ ಕ್ರಮ: ಹೆದರಿದವರಿಗೆ ಎಷ್ಟು ಉಪಯೋಗ?

ಕ್ರೈಸ್ತ ಸಭೆಯಲ್ಲಿ ದಿನದ ಬೇರೆಬೇರೆ ಹೊತ್ತಿಗೆಂದು ಇರುವ ಪ್ರಾರ್ಥನಾ ಕ್ರಮಗಳಲ್ಲಿ ಮಲಗುವ ಮುನ್ನ ಹೇಳುವ ರಾತ್ರಿ ಪ್ರಾರ್ಥನೆ ಚಿಕ್ಕದು. ಹತ್ತು ಹದಿನೈದು ನಿಮಿಷ ಸಾಕು. ಪಾದ್ರಿ ಬೇಕಿಲ್ಲ, ವಾದ್ಯ ಬೇಕಿಲ್ಲ, ಒಬ್ಬರೇ ಕೂತು ಮುಗಿಸಬಹುದು. ಕಾಂಪ್ಲಿನ್ ಎಂಬ ಹೆಸರಲ್ಲೂ ಇದು ಪರಿಚಿತ. ಹೆದರಿಕೆ, ಚಿಂತೆ, ನಿದ್ದೆಗೆಟ್ಟ ರಾತ್ರಿ, ಇವುಗಳಿಗೆ ಈ ಕ್ರಮ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದೊಂದನ್ನೇ ಇಟ್ಟುಕೊಂಡು ಈ ವಿಮರ್ಶೆ ಬರೆದಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೆದರಿದವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಪ್ರಾರ್ಥನಾ ಕ್ರಮ ಇಲ್ಲ, ಆದರೆ ಒಂದು ಷರತ್ತಿದೆ: ಹೆದರಿಕೆಯಿಲ್ಲದ ರಾತ್ರಿಗಳಲ್ಲೂ ಇದನ್ನು ಹೇಳಿಕೊಂಡು ಬಂದಿರಬೇಕು. ಭಯ ಹಿಡಿದಾಗ ಹೊಸ ಮಾತು ಹೊಳೆಯುವುದಿಲ್ಲ, ಹೊಸ ಪುಟ ತೆರೆದರೆ ತಲೆಗೆ ಹತ್ತುವುದಿಲ್ಲ. ಬಾಯಿಗೆ ಬರುವುದು ರೂಢಿಯಾದ ಮಾತು ಮಾತ್ರ. ಆಸ್ಪತ್ರೆಯ ವರದಿ ಬರುವ ಹಿಂದಿನ ರಾತ್ರಿ ಮೊದಲ ಸಲ ಪುಸ್ತಕ ಬಿಚ್ಚಿ, "ಇದರಿಂದ ಏನೂ ಆಗಲಿಲ್ಲ" ಎನ್ನುವವರ ತೊಂದರೆ ಬಹುಪಾಲು ಇಷ್ಟೇ.

ರೋಮನ್ ಕಥೋಲಿಕ ಸಭೆಯಲ್ಲಿ 1971ರಿಂದ ಬಳಕೆಯಲ್ಲಿರುವ ಕ್ರಮವನ್ನು ಮುಂದಿಟ್ಟುಕೊಂಡು ನೋಡೋಣ. ಮೊದಲು ಬೈಬಲಿನ ಕೀರ್ತನೆಗಳ ಪುಸ್ತಕದಿಂದ 70ನೇ ಕೀರ್ತನೆಯ ಮೊದಲ ವಚನ, ದೇವರೇ ಬೇಗ ಬಂದು ನನಗೆ ಸಹಾಯ ಮಾಡು ಎಂಬ ಕೂಗು. ಆಮೇಲೆ ಮೌನವಾಗಿ ದಿನದ ಪರಿಶೀಲನೆ, ತಪ್ಪೊಪ್ಪಿಗೆ. ಒಂದು ಸ್ತುತಿಗೀತೆ. ಒಂದು ಅಥವಾ ಎರಡು ಕೀರ್ತನೆ. ಒಂದೆರಡು ವಚನಗಳ ಕಿರು ವಾಚನ. ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬ ಪ್ರತ್ಯುತ್ತರ. ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಶಿಶು ಯೇಸುವನ್ನು ಎತ್ತಿಕೊಂಡು ಸಿಮೆಯೋನ ಹೇಳಿದ ಹಾಡು. ಚಿಕ್ಕ ಪ್ರಾರ್ಥನೆ, ಆಶೀರ್ವಚನ, ಕೊನೆಗೆ ಯೇಸುವಿನ ತಾಯಿ ಮರಿಯಮ್ಮನವರನ್ನು ಕುರಿತ ಗೀತೆ.

ಮೊದಲ ಸಾಲಿನಲ್ಲೇ ಈ ಕ್ರಮದ ಗುಣ ಗೊತ್ತಾಗುತ್ತದೆ. "ನಾನು ಹೆದರುವುದಿಲ್ಲ" ಎಂದು ಹೇಳಿಸುವ ಬದಲು ಇಲ್ಲಿ ಸಹಾಯಕ್ಕೆ ಕೂಗಿಸುತ್ತಾರೆ. ಧೈರ್ಯ ಇದೆ ಎಂದು ತೋರಿಸಿಕೊಳ್ಳುವ ಹಂಗೇ ಇಲ್ಲ. 5ನೇ ಶತಮಾನದಲ್ಲಿ ಯೋಹಾನ ಕಾಸಿಯನ್ ಬರೆದಿಟ್ಟ ಮರುಭೂಮಿಯ ಸನ್ಯಾಸಿಗಳ ಉಪದೇಶದಲ್ಲಿ ಇದೇ ವಚನಕ್ಕೆ ದೊಡ್ಡ ಸ್ಥಾನ: ಭಯವಿರಲಿ, ಸಿಟ್ಟಿರಲಿ, ಸಂತೋಷವೇ ಇರಲಿ, ಎಲ್ಲ ಸ್ಥಿತಿಗೂ ಹೊಂದುವ ಪ್ರಾರ್ಥನೆ ಎಂದು ಅಲ್ಲಿ ಇದನ್ನೇ ಸದಾ ಹೇಳಿಕೊಳ್ಳಲು ಕಲಿಸುತ್ತಾರೆ. ಇಡೀ ಕ್ರಮದಲ್ಲಿ ಒಂದೇ ಸಾಲು ಬಾಯಿಪಾಠ ಮಾಡುವ ಶಕ್ತಿಯಿದ್ದರೆ ಇದನ್ನೇ ಮಾಡಿ.

ಪರಿಶೀಲನೆಯ ಭಾಗದಲ್ಲಿ ಹೆದರುವ ಸ್ವಭಾವದವರು ಎಡವುವುದು ಹೆಚ್ಚು. ಎರಡು ನಿಮಿಷದ ಮೌನ ಹತ್ತು ನಿಮಿಷದ ಆತ್ಮನಿಂದನೆಯಾಗುತ್ತದೆ. ಅದನ್ನು ತಡೆಯಲು ಒಂದು ಉಪಾಯವಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ದಿನವನ್ನು ಒಮ್ಮೆ ಹಿಂದಿರುಗಿ ನೋಡಿ, ಕೃತಜ್ಞತೆಗೆ ಒಂದು ಸಂಗತಿ, ತಪ್ಪಿಗೆ ಒಂದು, ಹೆದರಿಕೆಗೆ ಒಂದು ಆರಿಸಿ, ಪ್ರತಿಯೊಂದನ್ನೂ ಒಂದೇ ವಾಕ್ಯದಲ್ಲಿ ಹೆಸರು ಹಿಡಿದು ಹೇಳುವುದು. "ಎಲ್ಲದಕ್ಕೂ ಭಯವಾಗುತ್ತಿದೆ" ಎಂದರೆ ಭಯ ಬೆಳೆಯುತ್ತದೆ. "ನಾಳೆ ಹತ್ತು ಗಂಟೆಗೆ ಅವರ ಮುಂದೆ ಮಾತಾಡಬೇಕು, ಅದಕ್ಕೆ ಹೆದರಿದ್ದೇನೆ" ಎಂದರೆ ಅದಕ್ಕೊಂದು ಅಳತೆ ಬರುತ್ತದೆ. ಅರಸನಾದ ಹಿಜ್ಕೀಯ ಅಶ್ಶೂರದವರ ಬೆದರಿಕೆಯ ಪತ್ರವನ್ನು ದೇವಾಲಯಕ್ಕೆ ಒಯ್ದು ದೇವರ ಮುಂದೆ ಬಿಚ್ಚಿಟ್ಟದ್ದು (2 ಅರಸುಗಳು 19) ಇದೇ ಬಗೆ. ಬೆದರಿಕೆ ಏನು, ಯಾರಿಂದ, ಯಾವ ಮಾತಿನಲ್ಲಿ ಬಂತು ಎಂಬುದೆಲ್ಲ ಅವನ ಪ್ರಾರ್ಥನೆಯಲ್ಲಿ ಸ್ಪಷ್ಟವಾಗಿದೆ.

ಇನ್ನು ಕೀರ್ತನೆಗಳು. ಈ ಕ್ರಮದ ಜೀವಾಳ ಇರುವುದೇ ಇಲ್ಲಿ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಸನ್ಯಾಸಿ ಮಠಗಳಿಗೆ ಬರೆದ ನಿಯಮದ 18ನೇ ಅಧ್ಯಾಯದ ಪ್ರಕಾರ ಪ್ರತಿ ರಾತ್ರಿಯೂ ಅವೇ ಮೂರು ಕೀರ್ತನೆಗಳು: 4, 91, 134. ಒಟ್ಟು 27 ವಚನ. ದಿನವೂ ಅವೇ ಆದದ್ದರಿಂದ ದೀಪವಿಲ್ಲದೆ, ಪುಸ್ತಕವಿಲ್ಲದೆ ಹೇಳಲು ಬರುತ್ತದೆ. 1911ರಲ್ಲಿ ಹತ್ತನೆಯ ಪಿಯುಸ್ ಪೋಪ್ ಮಾಡಿದ ಬದಲಾವಣೆಯಿಂದ ರೋಮನ್ ಕ್ರಮದಲ್ಲಿ ವಾರದ ಪ್ರತಿ ದಿನಕ್ಕೂ ಬೇರೆ ಕೀರ್ತನೆಗಳು ಬಂದವು. ಈಗಿನ ಹಂಚಿಕೆಯಲ್ಲಿ ಶನಿವಾರ ರಾತ್ರಿ 4 ಮತ್ತು 134, ಭಾನುವಾರ 91, ಸೋಮವಾರ 86, ಮಂಗಳವಾರ 143, ಬುಧವಾರ 31ರ ಮೊದಲ ಭಾಗ ಮತ್ತು 130, ಗುರುವಾರ 16, ಶುಕ್ರವಾರ 88. ಬಾಯಿಪಾಠ ಹೇಳಲು ಇಷ್ಟಪಡುವವರು ವಾರವಿಡೀ ಭಾನುವಾರದ (ಶನಿವಾರ ರಾತ್ರಿಯದೂ ಸೇರಿ) ಕೀರ್ತನೆಗಳನ್ನೇ ಬಳಸಲು ಈಗಿನ ನಿಯಮದಲ್ಲೂ ಅವಕಾಶವಿದೆ. ಹೆದರಿಕೆಯ ದಿನಗಳಿಗೆ ನಾವು ಸೂಚಿಸುವುದೂ ಅದನ್ನೇ, ಶುಕ್ರವಾರ ಒಂದನ್ನು ಬಿಟ್ಟು. ಅದರ ಕಾರಣ ಮುಂದೆ ಹೇಳುತ್ತೇವೆ.

ಒಂದು ಎಚ್ಚರಿಕೆ: ಲ್ಯಾಟಿನ್ ಮತ್ತು ಗ್ರೀಕ್ ಸಂಪ್ರದಾಯದ ಪುಸ್ತಕಗಳಲ್ಲಿ ಕೀರ್ತನೆಗಳ ಸಂಖ್ಯೆ ಸಾಮಾನ್ಯವಾಗಿ ಒಂದು ಕಡಿಮೆ ಇರುತ್ತದೆ. ಅಲ್ಲಿನ 90 ಎಂದರೆ ನಮ್ಮ ಬೈಬಲಿನ 91. ಇದು ಗೊತ್ತಿಲ್ಲದೆ 90ನೇ ಕೀರ್ತನೆ ತೆರೆದರೆ ಆಶ್ರಯದ ಮಾತಿನ ಜಾಗದಲ್ಲಿ ಆಯುಷ್ಯ ಎಪ್ಪತ್ತು ವರ್ಷ, ಹೆಚ್ಚೆಂದರೆ ಎಂಬತ್ತು ಎಂಬ ವಚನ ಎದುರಾಗುತ್ತದೆ. ಹೆದರಿದ ರಾತ್ರಿಗೆ ಆ ಅದಲುಬದಲು ಬೇಡ.

ಕೀರ್ತನೆ 91ನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 5 ಮತ್ತು 6ನೇ ವಚನಗಳಲ್ಲಿ ನಾಲ್ಕು ಭಯಗಳಿವೆ: ರಾತ್ರಿಯ ದಿಗಿಲು, ಹಗಲಲ್ಲಿ ಹಾರಿಬರುವ ಬಾಣ, ಕತ್ತಲಲ್ಲಿ ಓಡಾಡುವ ವ್ಯಾಧಿ, ನಡುಹಗಲಿನ ವಿನಾಶ. ಇಪ್ಪತ್ನಾಲ್ಕು ಗಂಟೆಯೂ ಇದರಲ್ಲಿ ಬಂತು. ಕಾಣುವ ಭಯವೂ ಇದೆ, ಕಾಣದ್ದೂ ಇದೆ. 14ನೇ ವಚನದಲ್ಲಿ ಮಾತಾಡುವವರೇ ಬದಲಾಗುತ್ತಾರೆ. ಅಲ್ಲಿಯವರೆಗೆ ಭಕ್ತನೊಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದದ್ದು ಅಲ್ಲಿಂದ ದೇವರ ಸ್ವಂತ ಮಾತಾಗುತ್ತದೆ. ಆ ಮಾತಿನೊಳಗೆ, 15ನೇ ವಚನದಲ್ಲಿ, ಇಕ್ಕಟ್ಟಿನಲ್ಲಿ ಅವನ ಸಂಗಡ ಇರುತ್ತೇನೆ ಎಂದಿದೆ. ಇಕ್ಕಟ್ಟು ಬರುವುದೇ ಇಲ್ಲ ಎಂದಿಲ್ಲ. ಈ ವಚನ ಬಿಟ್ಟು ಓದಿದರೆ ಕೀರ್ತನೆ 91 ಕೇಡು ತಟ್ಟದ ತಾಯಿತವಾಗಿಬಿಡುತ್ತದೆ. ಹಾಗೆ ಓದಬಹುದೆಂದು ಮೊದಲು ತೋರಿಸಿದವನು ಸೈತಾನನೇ. ಮತ್ತಾಯ 4:6ರಲ್ಲಿ ಯೇಸುವನ್ನು ದೇವಾಲಯದ ತುದಿಯಿಂದ ಧುಮುಕು ಎಂದು ಕೆಣಕುವಾಗ ಅವನು ಎತ್ತಿಹೇಳುವುದು ಈ ಕೀರ್ತನೆಯ 11 ಮತ್ತು 12ನೇ ವಚನಗಳನ್ನು. ಕೀರ್ತನೆ 91 ಹೇಳಿಯೂ ಕಾಯಿಲೆ ಬಂದವರು ನಂಬಿಕೆ ಸಾಲದೆಂದು ತಮ್ಮನ್ನೇ ಹಳಿದುಕೊಳ್ಳುವುದನ್ನು ಸಭೆಗಳಲ್ಲಿ ಕಾಣುತ್ತೇವೆ. ಅದು ಆ ಕೀರ್ತನೆ ಹೊರಿಸಿದ ಹೊರೆಯಲ್ಲ.

ಶುಕ್ರವಾರದ 88ನ್ನು ಬಿಡಬಾರದು. ಕೀರ್ತನೆಗಳಲ್ಲೆಲ್ಲ ಅತ್ಯಂತ ಕತ್ತಲಿನ ಕೀರ್ತನೆ ಇದು. ಗೋಳಿನಿಂದ ಶುರುವಾಗುವ ಬೇರೆ ಬಹುತೇಕ ಕೀರ್ತನೆಗಳು ಎಲ್ಲೋ ಒಂದು ಕಡೆ ಸ್ತುತಿಯ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಹೆದರಿದವರಿಗೆ ಇದನ್ನು ಯಾಕೆ ಓದಿಸಬೇಕು ಎಂದು ಕೇಳುವವರಿದ್ದಾರೆ. 1, 9, 13ನೇ ವಚನಗಳಿಗೆ ಬೆರಳಿಟ್ಟು ನೋಡಿ. ಹಗಲೂ ರಾತ್ರಿಯೂ ಕೂಗಿದೆ, ಪ್ರತಿದಿನವೂ ಕೂಗಿದೆ, ಮುಂಜಾನೆಯೂ ನನ್ನ ಪ್ರಾರ್ಥನೆ ನಿನ್ನೆದುರಿಗೆ ಬರುತ್ತದೆ: ಮೂರು ಸಲವೂ ಆ ಮನುಷ್ಯ ದೇವರಿಗೇ ಹೇಳುತ್ತಿದ್ದಾನೆ. ಉತ್ತರ ಬಾರದಿದ್ದರೂ ವಿಳಾಸ ಬದಲಾಯಿಸಿಲ್ಲ. ನಂಬಿಕೆ ಎಂದರೆ ಒಳಗೆ ನಿರಾಳವಾಗಿರುವುದು ಎಂದುಕೊಂಡವರು, ನಿರಾಳವಾಗದೆ ಹೋದಾಗ ತಮಗೆ ನಂಬಿಕೆಯೇ ಇಲ್ಲವೆಂದು ಎರಡನೇ ಭಯಕ್ಕೆ ಬೀಳುತ್ತಾರೆ. 88 ಆ ಎರಡನೇ ಭಯವನ್ನು ಕೀಳುತ್ತದೆ. ಕ್ರಮವೂ ಅದನ್ನು ಒಂಟಿಯಾಗಿ ಬಿಟ್ಟಿಲ್ಲ. ಅದರ ಹಿಂದೆಯೇ ಯೆರೆಮೀಯ 14:9ರ ವಾಚನ, ಕರ್ತನೇ ನೀನು ನಮ್ಮ ಮಧ್ಯದಲ್ಲಿದ್ದೀ, ನಮ್ಮನ್ನು ಕೈಬಿಡಬೇಡ ಎಂಬ ಮಾತು ಬರುತ್ತದೆ. ಜೋಡಣೆ ಮಾಡಿದವರು ಯೋಚಿಸಿ ಮಾಡಿದ್ದಾರೆ.

ಹೇಳುವ ರೀತಿಯೂ ಮುಖ್ಯ. ಕೀರ್ತನೆಯ ವಚನ ಸಾಮಾನ್ಯವಾಗಿ ಎರಡು ಪಾಲಾಗಿರುತ್ತದೆ, ಮುದ್ರಿತ ಪುಸ್ತಕಗಳಲ್ಲಿ ನಡುವೆ ನಕ್ಷತ್ರದ ಗುರುತು ಇರುವುದುಂಟು. ಅಲ್ಲಿ ಒಂದು ಉಸಿರು ತೆಗೆದುಕೊಳ್ಳುವಷ್ಟು ನಿಲ್ಲಬೇಕು. ಮೊದಲ ಪಾಲು, ಉಸಿರು, ಎರಡನೇ ಪಾಲು. ಭಯ ಹತ್ತಿದಾಗ ಉಸಿರು ಗಿಡ್ಡವಾಗಿ ಬೇಗಬೇಗ ಆಡುತ್ತದೆ. ಗಟ್ಟಿಯಾಗಿ, ನಿಧಾನವಾಗಿ, ನಡುವೆ ನಿಂತು ಓದಿದರೆ ಉಸಿರು ಬಿಡುವ ಹೊತ್ತು ತಾನಾಗಿ ಉದ್ದವಾಗಿ ಎದೆಬಡಿತ ಇಳಿಯುತ್ತದೆ. ದೇವರು ಕೊಟ್ಟ ದೇಹ ಹಾಗಿದೆ, ಅದರ ಉಪಯೋಗ ಪಡೆಯಲು ಸಂಕೋಚ ಬೇಡ. ಕಣ್ಣಲ್ಲೇ ಓದಿದರೆ ಈ ಲಾಭ ಸಿಗುವುದಿಲ್ಲ, ಕನಿಷ್ಠ ತುಟಿಯಾದರೂ ಆಡಬೇಕು. ಕೀರ್ತನೆ 91ನ್ನು ಹೀಗೆ ಓದಲು ಮೂರು ನಿಮಿಷವಾದರೂ ಬೇಕು. ಒಂದೇ ನಿಮಿಷದಲ್ಲಿ ಮುಗಿದರೆ ಓಡಿದ್ದೀರಿ ಎಂದರ್ಥ.

ಅದೇ ಮಾತನ್ನು ದಿನದಿನ ಹೇಳುವುದು ವ್ಯರ್ಥ ಪುನರುಕ್ತಿಯಲ್ಲವೇ ಎಂದು ಮತ್ತಾಯ 6:7 ತೋರಿಸಿ ಆಕ್ಷೇಪಿಸುವವರಿಗೆ ಅದೇ ಮತ್ತಾಯನ 26:44 ಉತ್ತರ. ಸೆರೆಯಾಗುವ ಮುನ್ನ ಗೆತ್ಸೇಮನೆ ಎಂಬ ಜಾಗದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದನೆಂದು ಅಲ್ಲಿದೆ. ಬಹಳ ಮಾತಾಡಿ ದೇವರನ್ನು ಒಪ್ಪಿಸುತ್ತೇವೆ ಎಂಬ ಎಣಿಕೆ ಬೇರೆ, ಸಂಕಟದಲ್ಲಿ ಬೇರೆ ಮಾತು ಹೊರಡದೆ ಅದನ್ನೇ ಹೇಳುವುದು ಬೇರೆ.

ಕಿರು ವಾಚನಗಳಲ್ಲಿ ಮಂಗಳವಾರದ್ದರ ಬಗ್ಗೆ ನಮಗೆ ದೂರಿದೆ. 1 ಪೇತ್ರ 5:8-9, ಸೈತಾನನು ಗರ್ಜಿಸುವ ಸಿಂಹದಂತೆ ತಿರುಗಾಡುತ್ತಾನೆ ಎಂಬ ಭಾಗ. ಅದರ ಹಿಂದಿನ 7ನೇ ವಚನವನ್ನು ಬಿಟ್ಟಿದ್ದಾರೆ. "ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ" ಎಂಬುದೇ ಆ ವಚನ. ಮೊದಲೇ ಬೆದರಿದವರಿಗೆ ಸಿಂಹವನ್ನು ತೋರಿಸಿ ಚಿಂತೆ ಇಳಿಸುವ ಜಾಗವನ್ನು ಮರೆಮಾಡಿದಂತಾಗಿದೆ. ಮನೆಯಲ್ಲಿ ಹೇಳುವಾಗ 7ರಿಂದಲೇ ಶುರು ಮಾಡಿ. ಹಳೆಯ ಸ್ತುತಿಗೀತೆಯಲ್ಲಿ ರಾತ್ರಿಯ ಕೆಟ್ಟ ಕನಸುಗಳೂ ಭ್ರಮೆಗಳೂ ದೂರ ಹೋಗಲಿ ಎಂದು ಬೇಡುವ ಚರಣವಿತ್ತು. 1971ರ ಲ್ಯಾಟಿನ್ ಆವೃತ್ತಿಯಲ್ಲಿ ಅದನ್ನು ತೆಗೆದು ಸೌಮ್ಯವಾದ ಚರಣ ಹಾಕಿದ್ದಾರೆ. ದುಃಸ್ವಪ್ನದಿಂದ ಬಳಲುವವರಿಗೆ ಹಳೆಯ ಚರಣವೇ ಬೇಕಿತ್ತು, ತೆಗೆದದ್ದು ಸರಿಯೆನಿಸುವುದಿಲ್ಲ.

ವಾಚನದ ನಂತರದ ಪ್ರತ್ಯುತ್ತರಕ್ಕೆ ಬಂದರೆ, ಇಡೀ ಕ್ರಮ ಈ ಒಂದು ಬಿಂದುವಿಗಾಗಿ ಕಟ್ಟಿದಂತಿದೆ. ಕೀರ್ತನೆ 31:5ರ ಮಾತು, ಶಿಲುಬೆಯ ಮೇಲೆ ಯೇಸುವಿನ ಕೊನೆಯ ಮಾತೆಂದು ಲೂಕ 23:46ರಲ್ಲಿ ಬರುವುದೂ ಇದೇ: ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಇಲ್ಲಿಯವರೆಗೆ ಕೂಗಿದ್ದಾಯಿತು, ಹೇಳಿಕೊಂಡದ್ದಾಯಿತು. ಈಗ ಕೊಟ್ಟುಬಿಡಬೇಕು. ಆದರೆ ಕ್ರಮದಲ್ಲಿ ಒಂದು ಕೊರತೆ ಇದೆ: ಸ್ವಂತ ಬಿನ್ನಹಕ್ಕೆ ಎಲ್ಲೂ ಜಾಗವಿಲ್ಲ. ಬೆಳಗಿನ, ಸಂಜೆಯ ಕ್ರಮಗಳಲ್ಲಿ ವಿಜ್ಞಾಪನೆಗಳಿವೆ, ರಾತ್ರಿಯದರಲ್ಲಿ ಇಲ್ಲ. ಹೆದರಿದವರು ಪ್ರತ್ಯುತ್ತರಕ್ಕೆ ಸ್ವಲ್ಪ ಮುಂಚೆ ನಿಂತು, ಪರಿಶೀಲನೆಯಲ್ಲಿ ಹೆಸರಿಸಿದ ಆ ಒಂದು ಭಯವನ್ನು ಮತ್ತೆ ಒಂದು ವಾಕ್ಯದಲ್ಲಿ ಹೇಳಿ, ನೇರ ಈ ಮಾತಿಗೆ ಬರುವುದು ಒಳ್ಳೆಯದು. ಹೆಚ್ಚೆಂದರೆ ಮೂರು ವಾಕ್ಯ. ಪಟ್ಟಿ ಉದ್ದವಾದರೆ ಪ್ರಾರ್ಥನೆಯ ಹೆಸರಲ್ಲಿ ಚಿಂತೆಯನ್ನೇ ಮತ್ತೆ ಮೆಲುಕು ಹಾಕಿದಂತೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 4:6ರಲ್ಲಿ ಬಿನ್ನಹದ ಜೊತೆಗೆ ಕೃತಜ್ಞತೆಯನ್ನೂ ಪೌಲ ಸೇರಿಸಿದ್ದಾನೆ. ಒಂದು ಬಿನ್ನಹಕ್ಕೆ ಒಂದು ಉಪಕಾರಸ್ಮರಣೆ ಎಂದು ಜೋಡಿಸಿಕೊಂಡರೆ ಪಟ್ಟಿ ತಾನಾಗಿ ಹಿಡಿತಕ್ಕೆ ಬರುತ್ತದೆ.

ಸಿಮೆಯೋನನ ಹಾಡು, ಅದರ ಹಿಂದೆ ಮುಂದೆ ಬರುವ "ಎಚ್ಚರವಾಗಿರುವಾಗ ನಮ್ಮನ್ನು ರಕ್ಷಿಸು, ನಿದ್ರಿಸುವಾಗ ಕಾಪಾಡು" ಎಂಬ ಅರ್ಥದ ಪಲ್ಲವಿ, ಎರಡೂ ಸೊಗಸಾಗಿವೆ. ಕೊನೆಯ ಆಶೀರ್ವಚನ ಮಾತ್ರ ಕೆಲವರಿಗೆ ಭಾರವೆನಿಸುತ್ತದೆ: ಶಾಂತವಾದ ರಾತ್ರಿಯನ್ನೂ ಪರಿಪೂರ್ಣವಾದ ಅಂತ್ಯವನ್ನೂ ದೇವರು ಕೊಡಲಿ. ಅಂತ್ಯ ಎಂದರೆ ಸಾವೇ. ಬಹುತೇಕ ಹೆದರಿಕೆಗಳ ಬುಡದಲ್ಲಿ ಇರುವುದು ಅದೇ ಆದ್ದರಿಂದ, ಅದನ್ನು ದಿನವೂ ಮೆಲ್ಲಗೆ ಬಾಯಲ್ಲಿ ಆಡುವುದು ಒಳ್ಳೆಯದೆಂದು ನಮ್ಮ ಎಣಿಕೆ. ಚಿಕ್ಕ ಮಕ್ಕಳ ಜೊತೆ ಹೇಳುವಾಗ ಮೊದಲ ಪಾಲಿಗೇ ನಿಲ್ಲಿಸಬಹುದು. ಮಕ್ಕಳಿಗೆ ಕೀರ್ತನೆ 4ರ ಕೊನೆಯ ವಚನ ಮತ್ತು ಪರಲೋಕ ಪ್ರಾರ್ಥನೆ ಸಾಕು.

ಬೇರೆ ರೂಪಗಳೂ ಇವೆ. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ ಪ್ರತ್ಯೇಕ ರಾತ್ರಿ ಪ್ರಾರ್ಥನೆ ಇಲ್ಲ. ಅದರ ಸಾರ ಸಂಜೆ ಪ್ರಾರ್ಥನೆಯೊಳಗೆ ಸೇರಿಕೊಂಡಿದೆ, ನಮ್ಮ ಕತ್ತಲನ್ನು ಬೆಳಗಿಸು, ಈ ರಾತ್ರಿಯ ಅಪಾಯಗಳಿಂದ ಕಾಪಾಡು ಎಂಬ ಕಿರು ಪ್ರಾರ್ಥನೆ ಅಲ್ಲಿದೆ. ಸಮಯವೇ ಇಲ್ಲದವರು ಆ ಒಂದನ್ನು ಕಲಿತರೂ ಆಯಿತು. ಅಮೆರಿಕದ ಎಪಿಸ್ಕೋಪಲ್ ಸಭೆಯ 1979ರ ಪುಸ್ತಕದಲ್ಲಿ 4, 31, 91, 134 ಕೀರ್ತನೆಗಳಿರುವ ಪೂರ್ಣ ಕ್ರಮವಿದೆ, ಹೊಸಬರಿಗೆ ಎಲ್ಲಕ್ಕಿಂತ ಸುಲಭ ಅದು, ಪುಟ ತಿರುವಿ ಹುಡುಕುವ ತಾಪತ್ರಯ ಕಡಿಮೆ. ಪೂರ್ವದ ಆರ್ಥಡಾಕ್ಸ್ ಸಭೆಗಳ ಚಿಕ್ಕ ಕ್ರಮದಲ್ಲಿ ನಮ್ಮ ಎಣಿಕೆಯ 51, 70, 143 ಬರುತ್ತವೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ದೊಡ್ಡ ಕ್ರಮದಲ್ಲಿ "ದೇವರು ನಮ್ಮ ಸಂಗಡ ಇದ್ದಾನೆ" ಎಂದು ಯೆಶಾಯನ ಮಾತುಗಳನ್ನು ಸಭೆಯೆಲ್ಲ ಮತ್ತೆ ಮತ್ತೆ ಹಾಡುವ ಭಾಗವಿದೆ. ಹೆದರಿದವನಿಗೆ ಹತ್ತು ಜನರ ದನಿ ಒಟ್ಟಿಗೆ ಕೇಳಿಸುವುದೇ ದೊಡ್ಡ ಆಸರೆ. ಅವಕಾಶವಿದ್ದರೆ ಆ ಆರಾಧನೆಗೆ ಹೋಗಿ ನಿಲ್ಲಬೇಕು, ಒಬ್ಬರೇ ಮನೆಯಲ್ಲಿ ಮಾಡಲು ಅದು ಬಹಳ ಉದ್ದ.

ಪುಸ್ತಕವೋ ಫೋನೋ ಎಂದು ಕೇಳಿದರೆ ಪುಸ್ತಕವೇ. ಆ್ಯಪ್‌ಗಳು ಆಯಾ ದಿನದ ಪಾಠವನ್ನು ಸರಿಯಾಗಿ ಜೋಡಿಸಿಕೊಡುತ್ತವೆ, ಒಪ್ಪುವ ಮಾತೇ. ಆದರೆ ಯಾವ ಸುದ್ದಿಯಿಂದ, ಯಾವ ಸಂದೇಶದಿಂದ ಹೆದರಿಕೆ ಹುಟ್ಟಿತೋ ಅದೇ ಪರದೆಯ ಮೇಲೆ ಪ್ರಾರ್ಥನೆಯೂ ಇರುತ್ತದೆ, ಕೀರ್ತನೆಯ ನಡುವೆ ಮೇಲಿನಿಂದ ಒಂದು ಸಂದೇಶ ಇಳಿದರೆ ಮುಗಿಯಿತು. ಫೋನೇ ಗತಿಯಾದರೆ ಫ್ಲೈಟ್ ಮೋಡ್‌ಗೆ ಹಾಕಿ. ಇನ್ನೂ ಒಳ್ಳೆಯದೆಂದರೆ ನಿಮ್ಮ ಮನೆಯಲ್ಲಿ ಓದುವ ಬೈಬಲಿನಿಂದಲೇ 4, 91, 134, ಸಿಮೆಯೋನನ ಹಾಡು, 31:5, ಇಷ್ಟನ್ನು ಎರಡು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವುದು. ಒಂದೇ ಅನುವಾದಕ್ಕೆ ಅಂಟಿಕೊಳ್ಳಿ, ಇಲ್ಲವಾದರೆ ಬಾಯಿಪಾಠ ಕೂರುವುದಿಲ್ಲ. ಬೆನೆಡಿಕ್ಟರ ನಿಯಮದ 42ನೇ ಅಧ್ಯಾಯದಲ್ಲಿ ಈ ಪ್ರಾರ್ಥನೆಯ ನಂತರ ಯಾರೂ ಮಾತಾಡಬಾರದೆಂದಿದೆ. ಮನೆಯಲ್ಲಿ ಅದನ್ನು ಹೀಗೆ ಪಾಲಿಸಬಹುದು: ಪ್ರಾರ್ಥನೆ ಮುಗಿದ ಮೇಲೆ ಸುದ್ದಿ ನೋಡುವುದಿಲ್ಲ, ಲೆಕ್ಕ ತೆಗೆಯುವುದಿಲ್ಲ, ಜಗಳ ಮುಂದುವರಿಸುವುದಿಲ್ಲ. ಹಾಸಿಗೆಯಲ್ಲಿ ಒರಗಿ ಹೇಳಬೇಡಿ, ಅರ್ಧಕ್ಕೇ ತೂಕಡಿಕೆ ಬರುತ್ತದೆ. ಕುರ್ಚಿಯಲ್ಲಿ ಕೂತು ಅಥವಾ ನಿಂತು ಹೇಳಿ, ಆಮೇಲೆ ಮಲಗಿ.

ಇದನ್ನು ನಿದ್ದೆಮಾತ್ರೆಯೆಂದು ಎಣಿಸಿದವರಿಗೆ ನಿರಾಸೆ ಕಾದಿದೆ. ನಿದ್ದೆ ಬಂತೋ ಇಲ್ಲವೋ ಎಂದು ಪ್ರಾರ್ಥನೆಯನ್ನು ಅಳೆದರೆ ಮರುದಿನ ಪ್ರಾರ್ಥನೆಯೇ ಒಂದು ಪರೀಕ್ಷೆಯಾಗುತ್ತದೆ. ವೈದ್ಯರ ಜಾಗದಲ್ಲೂ ಇದನ್ನು ಇಡಬಾರದು. ಎದೆ ಹಿಂಡಿ ಉಸಿರು ಕಟ್ಟುವ ದಿಗಿಲು ಮತ್ತೆ ಮತ್ತೆ ಬಂದರೆ, ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣಬೇಕು, ತಡಮಾಡಬಾರದು. ಮನೆಯಲ್ಲೇ ಇರುವ ಒಬ್ಬರ ಹೊಡೆತಕ್ಕೆ ಹೆದರುತ್ತಿದ್ದರೆ ಮೊದಲು ಬೇಕಾದದ್ದು ಸುರಕ್ಷಿತವಾದ ಜಾಗ. 1 ಅರಸುಗಳು 19ರಲ್ಲಿ ಜೀವಭಯದಿಂದ ಓಡಿಹೋಗಿ ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೂತ ಉಪದೇಶ ಮಾಡಲಿಲ್ಲ. ಎದ್ದು ತಿನ್ನು ಎಂದ. ತಿಂದು ಕುಡಿದು ಮಲಗಿದ ಮೇಲೆ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಮಾತು ಆಮೇಲೆ ಬಂತು.

ನಡುರಾತ್ರಿ ಭಯದಿಂದ ಎಚ್ಚರವಾದರೆ ಪೂರ್ತಿ ಕ್ರಮವನ್ನು ಮತ್ತೆ ಮಾಡಬೇಕಿಲ್ಲ. ಮಲಗಿದಲ್ಲೇ 70ರ ಮೊದಲ ವಚನ, ಆಮೇಲೆ 31:5, ಎರಡನ್ನೂ ಉಸಿರಿಗೆ ಹೊಂದಿಸಿ ಹೇಳಿಕೊಳ್ಳಿ. ಒಂದು ಕಾಲು ಗಂಟೆ ಹೀಗೆ ಕಳೆದರೂ ಮನಸ್ಸು ಇಳಿಯದಿದ್ದರೆ ಹೊರಳಾಡುತ್ತಾ ಇರಬೇಡಿ. ಎದ್ದು ಕೂತು ಸಣ್ಣ ದೀಪ ಹಚ್ಚಿ, ಕೀರ್ತನೆ 130 ತೆರೆಯಿರಿ. ಎಂಟೇ ವಚನ. 6ನೆಯದರಲ್ಲಿ ಕಾವಲುಗಾರರು ಬೆಳಗನ್ನು ಎದುರುನೋಡುವ ಮಾತು ಎರಡು ಸಲ ಬರುತ್ತದೆ, ಎರಡು ಸಲವೂ ಹೇಳಿ, ಒಂದನ್ನು ಹಾರಿಸಬೇಡಿ.